ಸ್ಕ್ಯಾನ್ ಆದಮೇಲೆ ನಾನು ಮನೆಗೆ ತಂದ ಮಾತು

ನನ್ನ ಹೆಂಡತಿ ಸತ್ತದ್ದು ಉಸಿರು ಸಿಗದೆ. ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡು, ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದಳು. ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡಳು. ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರೆ ಗ್ಯಾಸ್ ಎಂದು ಮಾತ್ರೆ ಕೊಟ್ಟು ಕಳಿಸಿದರು. ಸಂಜೆಯೊಳಗೆ ಹೋಗಿಬಿಟ್ಟಳು. ಕಾಲಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿರಬೇಕು, ಸಿ.ಟಿ. ಸ್ಕ್ಯಾನ್ ಮಾಡಿದ್ದರೆ ಗೊತ್ತಾಗುತ್ತಿತ್ತು ಎಂದು ಆಮೇಲೆ ಬೇರೊಬ್ಬ ಡಾಕ್ಟರು ಹೇಳಿದರು.

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ನಾನು ಹೈಸ್ಕೂಲು ಮುಗಿಸಿ, ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಲೇತ್ ಮುಂದೆ ನಿಂತು ಜೀವನ ಮಾಡಿದವನು. ಯಂತ್ರ ಸುಳ್ಳು ಹೇಳುವುದಿಲ್ಲ ಎಂದು ನನ್ನ ನಂಬಿಕೆ. ಅಲ್ಲಿಂದ ಮುಂದೆ ಬಸವೇಶ್ವರನಗರದ ನಮ್ಮ ಮನೆಯಲ್ಲಿ ಯಾರಿಗೆ ಎದೆ ಹಿಡಿದರೂ ಸ್ಕ್ಯಾನ್. ನನಗೆ ಆಯಿತು, ಏನೂ ಸಿಗಲಿಲ್ಲ. ಬರೀ ಕೆಮ್ಮಿಗೆ ಮಗನಿಗೂ ಆಯಿತು, ಏನೂ ಸಿಗಲಿಲ್ಲ. ಬರೆದುಕೊಡುವವರಿಗೆ ಕೊರತೆ ಇರಲಿಲ್ಲ. ಒಬ್ಬರು ಬೇಡವೆಂದರೆ ವಿಜಯನಗರದಲ್ಲಿ ಇನ್ನೊಬ್ಬರು ಆಗಲಿ ಅನ್ನುತ್ತಿದ್ದರು.

ಸೊಸೆ ಮನೆಗೆ ಬಂದು ವರ್ಷ ತುಂಬಿರಲಿಲ್ಲ. ಮಹಡಿ ಹತ್ತಿದರೆ ಏದುಸಿರು ಬಿಡತೊಡಗಿದಳು. ನಮ್ಮ ಬೀದಿಯ ಹಳೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ನಾಡಿ ಹಿಡಿದರು, ಎದೆಗೆ ಸ್ಟೆತಸ್ಕೋಪ್ ಇಟ್ಟರು, ಕಾಲು ಒತ್ತಿ ನೋಡಿದರು.

"ಹೆಪ್ಪುಗಟ್ಟಿರೋ ಲಕ್ಷಣ ಏನೂ ಇಲ್ಲ. ಮೊದಲು ಒಂದು ರಕ್ತಪರೀಕ್ಷೆ ಮಾಡಿಸಿ. ಅದು ಸರಿಯಾಗಿದ್ರೆ ಸ್ಕ್ಯಾನ್ ಯಾಕೆ?"

"ನನ್ನ ಹೆಂಡ್ತಿಗೂ ಹಿಂಗೇ ಏನೂ ಇಲ್ಲ ಅಂದಿದ್ರು ಸಾರ್. ಬರ್ಕೊಡ್ತೀರೋ, ಬೇರೆ ಕಡೆ ಹೋಗ್ಲೋ?"

"ಯಜಮಾನ್ರೇ, ನಿಮ್ಮನೇಲಿ ಎಲ್ಲಾರ ಎದೆ ಫೋಟೋನೂ ತೆಗೆಸಿ ಆಯ್ತು. ಇನ್ನು ಬೆಕ್ಕಿಂದೊಂದು ಬಾಕಿ" ಎಂದು ನಕ್ಕರು. ಬರೆದುಕೊಡಲಿಲ್ಲ.

ಬೇರೆ ಕಡೆ ಬರೆಸಿಕೊಂಡೆ. ಸ್ಕ್ಯಾನ್ ಸೆಂಟರಿನಲ್ಲಿ ಅಷ್ಟೂ ಜನರೆದುರು ಅಲ್ಲಿನ ಕೆಲಸದವನೊಬ್ಬ ಕೇಳಿದ: "ಮೇಡಂ, ಪ್ರೆಗ್ನೆಂಟ್ ಏನಾದ್ರೂ ಇದೀರಾ?" ಸೊಸೆ ಸೆರಗು ಸರಿಮಾಡಿಕೊಂಡು ನೆಲ ನೋಡಿದಳು. ಮಾವ ಪಕ್ಕದಲ್ಲಿ ನಿಂತಿರುವಾಗ ಏನು ತಾನೇ ಹೇಳಿಯಾಳು? "ಇಲ್ಲಪ್ಪ, ಅಂಥದ್ದೇನಿಲ್ಲ, ಬೇಗ ಮಾಡು" ಎಂದು ನಾನೇ ಉತ್ತರ ಕೊಟ್ಟೆ.

ಶ್ವಾಸಕೋಶದಲ್ಲಿ ಏನೂ ಇರಲಿಲ್ಲ. ಸ್ವಲ್ಪ ದಿನಕ್ಕೆ ವಾಂತಿ ಶುರುವಾಯಿತು. ಅವಳು ಬಸುರಿ. ಏದುಸಿರೂ ಅದರದ್ದೇ. ಅವಳಿಗೆ ಮೊದಲೇ ಅನುಮಾನವಿತ್ತಂತೆ. ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬೇಡ ಎಂದು ಅವಳ ತಾಯಿ ಹೇಳಿದ್ದರಂತೆ. "ಬಾಯಿ ಬಿಟ್ಟು ಹೇಳೋದಲ್ವೇನಮ್ಮ?" ಎಂದು ಅವಳ ಮೇಲೆಯೇ ಕೂಗಾಡಿದೆ.

ಅಷ್ಟು ನಂಬಿದ್ದ ಯಂತ್ರಕ್ಕೆ ಈಗ ಹೆದರಿದೆ. ಕಾಮಾಕ್ಷಿಪಾಳ್ಯದಲ್ಲಿದ್ದ, ನನ್ನ ಜೊತೆ ಕಾರ್ಖಾನೆಯಲ್ಲಿ ಕೆಲಸ ಮಾಡಿದ ಗೆಳೆಯ ಬೇರೆ, "ಆ ಕಿರಣ ಬಿದ್ರೆ ಮಗು ನೆಟ್ಟಗೆ ಹುಟ್ಟಲ್ಲ ಕಣೋ" ಎಂದುಬಿಟ್ಟ. ಒಬ್ಬನೇ ಹಳೇ ಡಾಕ್ಟರ ಹತ್ತಿರ ಓಡಿದೆ. ಅವರು ಈ ಸಲ ನಗಲಿಲ್ಲ.

"ಸ್ಕ್ಯಾನ್ ಬೇಕಿರಲಿಲ್ಲ, ಆಯ್ತು. ಆದ್ರೆ ಅದು ಮಾಡಿದ್ದು ಎದೆಗೆ. ಹೊಟ್ಟೆಗೆ ತಾಗಿರೋದು ತೀರಾ ಕಮ್ಮಿ. ಇದಕ್ಕೆ ಹೆದರಿ ಮಗು ತೆಗೆಸಬೇಡಿ."

"ಗ್ಯಾರಂಟಿ ಕೊಡ್ತೀರಾ ಸಾರ್?"

"ಗ್ಯಾರಂಟಿ ಯಾವ ಮಗೂಗೂ ಯಾರೂ ಕೊಡಲ್ಲ ಯಜಮಾನ್ರೇ. ಧೈರ್ಯವಾಗಿ ಮುಂದುವರಿಸಿ."

ಮನೆಗೆ ಬಂದು ಮಗ ಸೊಸೆಯನ್ನು ಕೂರಿಸಿಕೊಂಡು ಹೇಳಿದೆ: "ಡಾಕ್ಟರು ಗ್ಯಾರಂಟಿ ಕೊಡಲ್ಲ ಅಂದ್ರು." ಅಷ್ಟೇ ಹೇಳಿದೆ. ಉಳಿದದ್ದನ್ನು ನುಂಗಿಕೊಂಡೆ.

"ನಾನೇ ಒಂದ್ಸಲ ಕೇಳ್ಕೊಂಡು ಬರ್ಲಾ ಮಾವ?" ಎಂದಳು ಸೊಸೆ.

"ನಾನು ಕೇಳಿದ್ದು ಸಾಲದಾ?"

ತಾಯಿಯ ಸಾವನ್ನು ಕಣ್ಣಾರೆ ಕಂಡಿದ್ದ ಮಗ ನಾನಂದದ್ದಕ್ಕೆ ತಲೆಯಾಡಿಸಿದ. ಆ ವಾರವೇ ತೆಗೆಸಿದೆವು.

ನೆಂಟರು ಕೇಳಿದಾಗ, ಅವಳು ವಿಷಯ ಮುಚ್ಚಿಟ್ಟಳು, ಅದಕ್ಕೇ ಹೀಗಾಯಿತು ಎಂದೆ. ಹಾಗೆ ಹೇಳಿ ಹೇಳಿ ಅವಳೂ ಅದನ್ನೇ ನಂಬಿದಳು. ಮುಂದೆ ಅವರಿಗೊಂದು ಹೆಣ್ಣುಮಗು ಹುಟ್ಟಿತು. ಆ ಕೂಸಿಗೆ ನೆಗಡಿಯಾದರೂ, "ಆವತ್ತು ನಾನು ಬಾಯಿ ಮುಚ್ಕೊಂಡು ಆ ಜೀವ ಕಳೆದೆ, ಅದರ ಪಾಪ" ಎಂದು ಅಡುಗೆಮನೆಯಲ್ಲಿ ಅಳುತ್ತಿದ್ದಳು. ನಡುಮನೆಯಲ್ಲಿ ಕೂತ ನನಗೆ ಕೇಳಿಸುತ್ತಿತ್ತು. ಅವಳು ಮಾಡಿಕೊಟ್ಟ ಕಾಫಿ ಕುಡಿಯುತ್ತಾ ಎಷ್ಟೋ ವರ್ಷ ಸುಮ್ಮನೆ ಕೂತಿದ್ದೆ.

ಕಡೆಗೊಂದು ಭಾನುವಾರ ತಡೆಯಲಾಗಲಿಲ್ಲ. ಅವಳು ಸೊಪ್ಪು ಬಿಡಿಸುತ್ತಿದ್ದಳು. ಎದುರು ಕೂತು ಎಲ್ಲ ಹೇಳಿದೆ. ಅವಳ ಕೈ ನಿಂತಿತು.

"ಡಾಕ್ಟರು ಏನಂದ್ರು? ಅವರಂದ ಹಾಗೇ ಹೇಳಿ."

ಹೇಳಿದೆ. ಅವಳು ಗಂಡನನ್ನು ಕೂಗಿ ಕರೆದಳು. "ಇವರ ಮುಂದೆ ಇನ್ನೊಂದ್ಸಲ ಹೇಳಿ."

ಮತ್ತೆ ಹೇಳಿದೆ. ಮಗ ನನ್ನ ಮುಖ ನೋಡಲಿಲ್ಲ. ಹೆಂಡತಿಯ ಮುಖ ನೋಡುವ ಧೈರ್ಯವೂ ಅವನಿಗಿರಲಿಲ್ಲ. ತಪ್ಪಾಯಿತಮ್ಮ ಎನ್ನಲು ನಾನು ಬಾಯಿ ತೆರೆದೆ.

"ಸಾಕು" ಎಂದಳು. "ಇನ್ನೇನೂ ಹೇಳಬೇಡಿ ನೀವು."