ಹೊಳಪು ತೆಗೆದ ರೈಲು

ನಮ್ಮದು ಚನ್ನಪಟ್ಟಣದಲ್ಲಿ ಮರದ ಬೊಂಬೆ ಮಾಡುವ ಮನೆ. ಮರದ ತುಂಡು ಕಡೆದು, ಅರಗಿನ ಬಣ್ಣ ಹಚ್ಚಿ, ಕನ್ನಡಿಯಂತೆ ಮಿಂಚಿಸುವುದರಲ್ಲಿ ಅಪ್ಪನದು ಎತ್ತಿದ ಕೈ. ನಾನು ರಾಮನಗರದ ಶಾಲೆಯೊಂದರಲ್ಲಿ ಟೀಚರ್. ದಿನವೂ ರೈಲಿನಲ್ಲಿ ಹೋಗಿಬರುವಾಗ ಕಿಟಕಿಯಾಚೆ ಕಂಡದ್ದನ್ನೆಲ್ಲ ಪುಟ್ಟದಾಗಿ ಮಾಡಬೇಕೆನ್ನುವ ಹುಚ್ಚು ಹಿಡಿಯಿತು. ಮಾದರಿ ರೈಲಿನ ಪುಟ್ಟ ಎಂಜಿನ್, ಹಳಿ, ಚಕ್ರಗಳನ್ನು ಕೊಂಡು ತಂದೆ. ನಡುಮನೆಯ ಹಲಗೆಯ ಮೇಲೆ ರಾಮನಗರದ ಬಂಡೆಬೆಟ್ಟಗಳು ಎದ್ದವು.

ಗೂಡ್ಸ್ ಗಾಡಿಗೆ ಎಣ್ಣೆ ಟ್ಯಾಂಕರ್‌ಗಳು ಬೇಕಿದ್ದವು. ಕೇಳಿದ ಮರುದಿನವೇ ಅಪ್ಪ ಕಡೆದು ಕೊಟ್ಟರು. ದುಂಡು ಆಕಾರ ಒಂದಿಷ್ಟೂ ತಪ್ಪಿರಲಿಲ್ಲ. ಆದರೆ ಅವು ಫಳಫಳ ಹೊಳೆಯುತ್ತಿದ್ದವು. ನಿಜವಾದ ಟ್ಯಾಂಕರ್ ಎಲ್ಲಿ ಹೊಳೆಯುತ್ತದೆ? ಅಪ್ಪನ ಎದುರಿಗೇ ಮರಳು ಕಾಗದ ಹಿಡಿದು ಉಜ್ಜತೊಡಗಿದೆ.

“ಒಳ್ಳೆ ಕೆಲ್ಸಾನ ಹಿಂಗೆ ಕೆಡಿಸ್ತಾರೇನವ್ವ?” ಎಂದವರು ಎದ್ದು ಹೊರಗೆ ಹೋದರು.

ನನಗೂ ಸಂಕಟವಾಯಿತು. ಆದರೂ ಬಿಡಲಿಲ್ಲ. ಜರಡಿ ಹಿಡಿದ ಕೆಮ್ಮಣ್ಣನ್ನು ತೆಳುವಾದ ಅಂಟಿನಲ್ಲಿ ಕಲಸಿ ಕೆಳಭಾಗಕ್ಕೆ ಬಳಿದೆ. ಟ್ಯಾಂಕರಿನ ಬಾಯಿಂದ ಎಣ್ಣೆ ಸುರಿದ ಕಲೆಗಳನ್ನು ಸಣ್ಣ ಬ್ರಷ್‌ನಲ್ಲಿ ಎಳೆದೆ. ಮುಗಿದ ಮೇಲೆ ಕಣ್ಣನ್ನು ಹಳಿಯ ಮಟ್ಟಕ್ಕೆ ತಂದು ನೋಡಿದರೆ, ಸ್ಟೇಷನ್ನಿನಲ್ಲಿ ನಿಂತು ನೋಡಿದ ಗಾಡಿಯೇ. ಅಪ್ಪ ಮಾತ್ರ ಆ ಕಡೆ ತಿರುಗಲಿಲ್ಲ, ಅಥವಾ ನಾನು ಹಾಗೆಂದುಕೊಂಡಿದ್ದೆ.

ಒಂದು ಭಾನುವಾರ ಸೋಲೂರಿನಿಂದ ಸೋದರತ್ತೆ ಬಂದರು. ನಾನು ಅಡುಗೆಮನೆಯಲ್ಲಿದ್ದಾಗ, ರೈಲು ಗಲೀಜಾಗಿದೆಯೆಂದು ಅವರು ಒದ್ದೆ ಬಟ್ಟೆಯಿಂದ ಒರೆಸತೊಡಗಿದರು. ಅಪ್ಪನ ದನಿ ಕೇಳಿ ಓಡಿ ಬಂದೆ.

“ಬುಡಕ್ಕ, ಮುಟ್ಬ್ಯಾಡ. ಅದು ಧೂಳಲ್ಲ, ಬಣ್ಣ. ನನ್ ಮಗಳು ಕೂತು ಹಾಕವ್ಳೆ.”

“ಹೊಸಾದ್ನ ಯಾಕ್ಲಾ ಹಳೇದು ಮಾಡದು?”

“ಬಗ್ಗಿ ನೋಡು, ಗೊತ್ತಾಯ್ತದೆ. ಇಲ್ಲಿ ಎಣ್ಣೆ ಸುರ್ದೈತೆ, ಇಲ್ಲಿ ತುಕ್ಕು ಹಿಡ್ದೈತೆ. ನಮ್ ಊರಲ್ಲಿ ಹೊಳಪು ಎಲ್ರೂ ತರ್ತಾರೆ. ಇದನ್ನ ಮಾಡೋರು ಯಾರವ್ರೆ ಹೇಳು?”

ಬಾಗಿಲ ಬಳಿಯೇ ನಿಂತುಬಿಟ್ಟೆ. ನಾನಿಲ್ಲದಾಗ ಅಪ್ಪ ಒಂದೊಂದು ಗೆರೆಯನ್ನೂ ನೋಡಿಟ್ಟುಕೊಂಡಿದ್ದರು.

ಬಣ್ಣ ಅಳಿಸಿಹೋದ ಟ್ಯಾಂಕರನ್ನು ಅಂದು ಸಂಜೆ ಇಬ್ಬರೂ ಕೂತು ಸರಿಮಾಡಿದೆವು. ಅಪ್ಪ ಬ್ರಷ್ ಅದ್ದಿ, “ಎಲ್ಲಿಗೆ ಬಳೀಲವ್ವ?” ಎಂದು ಕೇಳಿದರು. ತೋರಿಸಿದೆ. ನನ್ನ ಕೈಗಿಂತ ಅವರ ಕೈ ಸ್ಥಿರವಾಗಿತ್ತು.

ಈಗ ಬೊಂಬೆ ಕೊಳ್ಳಲು ಯಾರೇ ಬರಲಿ, ಅಪ್ಪ ಮೊದಲು ಅವರನ್ನು ನಡುಮನೆಗೆ ಕರೆದುಕೊಂಡು ಹೋಗುತ್ತಾರೆ.