ದಿಲ್ಶಾದಬಿ ದುಂಡಸಿಗೆ ಹೋದ ದಿನ

ದುಂಡಸಿಯ ಬೀಗರ ಸುದ್ದಿಯನ್ನು ದಿಲ್ಶಾದಬಿ ಸರಿಯಾಗಿ ಕೇಳಿದ್ದು ಮೊಮ್ಮಗ ಮುಬಶೀರನ ನಿಕಾಹದ ದಿನವೇ, ಬೆಳಿಗ್ಗೆ ಎಂಟರ ಸುಮಾರಿಗೆ. ರಂಜಾನಿಗೆ ಮುಂಚೆ ಬಚ್ಚಲಲ್ಲಿ ಜಾರಿ ತೊಡೆಯ ಎಲುಬು ಮುರಿದುಕೊಂಡವಳು ಸವಣೂರಿನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ಹೆಣ್ಣು ನೋಡುವುದು, ಮಾತುಕತೆ ಎಲ್ಲ ಅವಳಿಲ್ಲದೆಯೇ ಮುಗಿದಿತ್ತು. ಹಿರೇಕೆರೂರಿನಿಂದ ಮಗಳು, ಮುಬಶೀರನ ತಾಯಿ ಶಾಕೀರಾ ಫೋನಿನಲ್ಲಿ “ಹುಡುಗಿ ಚಲೋ ಅದಾಳವ್ವಾ” ಎಂದಿದ್ದಳು, ಅಷ್ಟೆ.

ಮದುವೆಗೆ ವೀಳ್ಯದೆಲೆ ಒಯ್ಯಲು ಸವಣೂರಿಗೆ ಬಂದಿದ್ದ ಹೆಣ್ಣಿನ ಸೋದರಮಾವ ಮಜೀದ, ವರನ ನಾನಿಗೆ, ತಾಯಿಯ ತಾಯಿಗೆ, ಸಲಾಂ ಹೇಳಿ ಹೋಗೋಣವೆಂದು ಬಾಗಿಲಿಗೆ ಬಂದ. ಗಂಡ ಖಲಂದರ ತೀರಿಕೊಂಡ ಮೇಲೆ ಎಲೆ ಜೋಡಿಸಿ ಕಟ್ಟು ಕಟ್ಟಿಯೇ ಮಗಳನ್ನು ಸಾಕಿದವಳು ದಿಲ್ಶಾದಬಿ. ಅವನ ಕೈಯಿಂದ ಕಟ್ಟು ಇಸಿದುಕೊಂಡು ಬಿಚ್ಚಿದಳು.

“ಇದೇನಪಾ, ತೂತು ಬಿದ್ದ ಎಲಿ ಕೊಟ್ಟಾನಲ್ಲ ನಿನಗ! ಬೀಗರ ಮುಂದ ಮಾನಾ ಕಳೀತಿದ್ದಿ.”

“ನಿಮ್ಮ ಊರಾವ್ರ ಮೋಸಾ ಮಾಡಿದ್ರ ನಾ ಏನ್ ಮಾಡ್ಲಿರಿ?” ಮಜೀದ ನಕ್ಕ. “ನಮ್ಮ ಹುಡುಗಿ ಸಾಯಿಮಾನ್ನ ನೀವಿನ್ನೂ ನೋಡಿಲ್ಲಲ್ರಿ? ಎಡಗಿವಿ ಮುಂದ ಜ್ವಾಳದ ಕಾಳಿನಷ್ಟು ಮಾಂಸ ಐತ್ರಿ, ಹುಟ್ಟಿದಾಗಿಂದ. ಝುಮಕಿ ಅದಕ್ಕ ಬಡದು ಬಡದು ಕುಣೀತೈತಿ. ಹಾನಗಲ್ ದವಾಖಾನ್ಯಾಗ ಹುಟ್ಟಿದಾಕಿ. ನಮ್ಮಕ್ಕ ಕುಲಸುಮಬಿಗೆ ನಂಜೇರಿ ಎರಡು ದಿನಾ ಎಚ್ಚರಾನ ಇದ್ದಿಲ್ಲ. ಕೂಸು ಉಳದದ್ದ ದೊಡ್ಡ ಮಾತು.”

ದಿಲ್ಶಾದಬಿ ಕೈಯಲ್ಲಿದ್ದ ಎಲೆ ಕೆಳಗಿಟ್ಟಳು.

“ಎಷ್ಟು ವರ್ಷಾತಪಾ?”

“ಇಪ್ಪತ್ತೆರಡ್ರಿ.”

ಮಜೀದ ಎಲೆ ಕಟ್ಟಿಕೊಂಡು ಬೈಕು ಹತ್ತಿದ. ಕೋಲು ಎಳೆದುಕೊಂಡು ಅವಳು ಏಳುವಷ್ಟರಲ್ಲಿ ಬೈಕು ಓಣಿ ದಾಟಿತ್ತು.

ಹಾನಗಲ್ಲಿನ ಆ ವಾರ್ಡು ಕಣ್ಣ ಮುಂದೆ ಬಂದು ನಿಂತಿತು. ಶಾಕೀರಾಳ ಎರಡನೆಯ ಕೂಸು ಹುಟ್ಟುವ ಮೊದಲೇ ಸತ್ತಿತ್ತು. ಎರಡು ದಿನವೂ ನಿದ್ದೆಯ ಇಂಜೆಕ್ಷನ್ ಕೊಟ್ಟು ಅವಳನ್ನು ಮಲಗಿಸಿದ್ದರು. ಹಾಲು ಸೋರಿ ಕುಬಸ ತೊಯ್ದಿತ್ತು. ಪಕ್ಕದ ಮಂಚದಲ್ಲಿ ಎಚ್ಚರವಿಲ್ಲದ ಒಬ್ಬ ತಾಯಿ. ಅವಳ ಮನೆಯವರು ರಕ್ತಕ್ಕೆಂದು ಓಡಾಡುತ್ತಿದ್ದರು. ಅವಳ ಕೂಸು ಅತ್ತೂ ಅತ್ತೂ ನೀಲಿಗಟ್ಟಿತ್ತು. ನೋಡಲಾರದೆ ಎತ್ತಿಕೊಂಡು ಮಗಳ ಎದೆಗೆ ಹಚ್ಚಿದವಳು ಇದೇ ದಿಲ್ಶಾದಬಿ. ಕೂಸಿನ ಎಡಗಿವಿಯ ಮುಂದೆ ಜೋಳದ ಕಾಳಿನಷ್ಟು ಮಾಂಸವಿತ್ತು. ಕುಡಿಸಿದ್ದು ಮಗಳಿಗೂ ಗೊತ್ತಾಗಲಿಲ್ಲ, ಆ ತಾಯಿಗೂ ಗೊತ್ತಾಗಲಿಲ್ಲ.

ಮುಬಶೀರ ಕುಡಿದದ್ದೂ ಅದೇ ಹಾಲು. ಶರೀಯತ್ತಿನಲ್ಲಿ ಒಂದೇ ಎದೆಯ ಹಾಲು ಕುಡಿದವರು ಅಣ್ಣತಂಗಿ. ಅವರ ನಡುವೆ ನಿಕಾಹ ಆಗದು. ಮಧ್ಯಾಹ್ನದ ನಮಾಜು ಮುಗಿದ ಕೂಡಲೇ ದುಂಡಸಿಯಲ್ಲಿ ಅದೇ ಆಗುವುದಿತ್ತು.

ಶಾಕೀರಾಳಿಗೆ ಫೋನು ಹಚ್ಚಿದಳು. ಗದ್ದಲದ ನಡುವೆ “ಅವ್ವಾ, ಆಮ್ಯಾಲೆ ಮಾತಾಡ್ತೇನಿ” ಎಂದು ಇಟ್ಟುಬಿಟ್ಟಳು. ಮತ್ತೆ ಹಚ್ಚಿದರೆ ಯಾರೂ ಎತ್ತಲಿಲ್ಲ. ದಿಲ್ಶಾದಬಿ ಬುರ್ಖಾ ಹಾಕಿ, ನಾಲ್ಕು ಕಾಲಿನ ಕೋಲು ಊರಿ ಹೊಸ್ತಿಲು ದಾಟಿದಳು. ಐದು ತಿಂಗಳಲ್ಲಿ ಅದೇ ಮೊದಲು.

ಶಿಗ್ಗಾಂವಿ ಬಸ್ಸಿನಲ್ಲಿ ಕಂಡಕ್ಟರ್ ರುದ್ರೇಶ ಆಧಾರ್ ಕಾರ್ಡ್ ಕೇಳಿದ.

“ಮನ್ಯಾಗ ಬಿಟ್ಟು ಬಂದೇನಪಾ.”

“ಕಾರ್ಡ್ ಬಿಟ್ಟು ಈ ನಾಕ್ ಕಾಲಿನ ಕುದರಿ ಹತ್ತಿಸ್ಕೊಂಡು ಬಂದೀರಲ್ಲ, ಆಯಿ!”

“ಕುದರಿನ ನನ್ನ ಹತ್ತಿಸ್ಕೊಂಡು ಬಂತು. ನೀ ಚೀಟಿ ಹರಿ.”

ಶಿಗ್ಗಾಂವಿಯಲ್ಲಿ ದುಂಡಸಿ ಬಸ್ಸು ಆಗಲೇ ಹೋಗಿತ್ತು. ಗೊಬ್ಬರದ ಚೀಲ ಹೇರಿದ ಟಂಟಂ ಆಟೊ ಒಂದು ಸಿಕ್ಕಿತು. ಪ್ರತಿ ಕುಣಿಗೂ ತೊಡೆಯಲ್ಲಿ ಸೂಜಿ ಚುಚ್ಚಿದಂತಾಗುತ್ತಿತ್ತು. ಊರು ಇನ್ನೂ ಮೈಲಿ ದೂರ ಇರುವಾಗ ಗಾಡಿ ಕೆಮ್ಮಿ ನಿಂತಿತು. “ಕುಂತಿರ್ರಿ ಆಯಿ, ಅರ್ಧಾ ತಾಸಿನ್ಯಾಗ ರಿಪೇರಿ ಮಾಡ್ತೇನಿ” ಎಂದ ಓಡಿಸುವವ.

ಅಲ್ಲೇ ಕೂತುಬಿಟ್ಟಿದ್ದರೆ ನಿಕಾಹ ತಾನಾಗಿ ಮುಗಿಯುತ್ತಿತ್ತು. ಗೊತ್ತಿದ್ದವರು ಅಲ್ಲಾಹನೂ ಅವಳೂ ಇಬ್ಬರೇ. ಮುಬಶೀರ ನಗುತ್ತ ಮನೆಗೆ ಹೆಂಡತಿಯನ್ನು ಕರೆದೊಯ್ಯುತ್ತಿದ್ದ. ಒಂದು ಗಳಿಗೆ ಅವಳು ಕೂತಳು ಕೂಡ. ಆಮೇಲೆ ಕೋಲು ಕೆಳಗಿಳಿಸಿದಳು. ಡಾಂಬರು ಕಾದಿತ್ತು. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತ ಬಿಸಿಲಲ್ಲಿ ನಡೆದಳು.

ಚಪ್ಪರ ಮುಟ್ಟಿದಾಗ ಖಾಜಿ ನಿಕಾಹ ಬರೆಯುವ ದಫ್ತರ ಬಿಚ್ಚಿದ್ದರು. ಹೆಣ್ಣಿನ ಒಪ್ಪಿಗೆ ಕೇಳಲು ಸಾಕ್ಷಿಗಳು ಎದ್ದಿದ್ದರು.

“ನಿಲ್ಲಸ್ರಿ! ಹುಡುಗಿ ನನ್ನ ಮಗಳ ಹಾಲು ಕುಡದಾಳ.”

ಶಾಕೀರಾ ಓಡಿ ಬಂದು ತಾಯಿಯ ತೋಳು ಹಿಡಿದಳು. “ಅವ್ವಾ, ತಲಿ ಕೆಟ್ಟೈತೇನ ನಿಂದು? ನಾ ಯಾವಾಗ ಕುಡಿಸೇನಿ?”

ದಿಲ್ಶಾದಬಿ ಎಲ್ಲ ಹೇಳಿದಳು. ವಾರ್ಡು, ನಂಜೇರಿದ ತಾಯಿ, ಕಿವಿಯ ಕಾಳು. ಕೇಳುತ್ತ ಕೇಳುತ್ತ ಹೆಣ್ಣಿನ ತಾಯಿ ಕುಲಸುಮಬಿ ಗೋಡೆಗೆ ಒರಗಿದಳು. “ಎಚ್ಚರಾದಾಗ ಕೂಸು ಹೊಟ್ಟಿ ತುಂಬಿ ಮಲಗಿತ್ತು. ನರ್ಸಬಾಯಿ ಕುಡಿಸ್ಯಾಳ ಅಂತ ತಿಳ್ಕೊಂಡಿದ್ನಿ...”

“ಎಷ್ಟು ಸಲ?” ಖಾಜಿ ಕೇಳಿದರು.

“ಎರಡು ದಿನಾ. ಹಸದು ಅತ್ತಾಗೊಮ್ಮೆ.”

ಖಾಜಿ ಪೆನ್ನಿಗೆ ಟೊಪ್ಪಿಗೆ ಹಾಕಿ ದಫ್ತರ ಮುಚ್ಚಿದರು.

“ಇಷ್ಟು ವರ್ಷ ನನಗ ಯಾಕ ಹೇಳ್ಲಿಲ್ಲ?” ಶಾಕೀರಾ ತಾಯಿಯ ತೋಳು ಬಿಟ್ಟಳು.

“ನಿನ್ನ ಕೂಸು ಮಣ್ಣಾಗಿತ್ತು, ಮಗಳ. ನಿನ್ನ ಹಾಲು ಬ್ಯಾರೇ ಕೂಸು ಕುಡೀತು ಅಂತ ಯಾವ ಬಾಯಿಲೆ ಹೇಳ್ಲಿ?”

ಮುಬಶೀರ ಮುಖದ ಮುಂದಿನ ಹೂವಿನ ಸೆಹರಾ ತೆಗೆದು ಕುರ್ಚಿಯ ಮೇಲಿಟ್ಟ. “ಇವತ್ತ ನೀ ಬರಬಾರದಿತ್ತು, ನಾನಿ” ಎಂದವನು ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ನಡೆದ.

ದಿಲ್ಶಾದಬಿ ಅಲ್ಲೇ ಜಮಖಾನೆಯ ಮೇಲೆ ಕುಸಿದಳು. ಯಾರೂ ನೀರು ಸಹ ಕೊಡಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಒಳಗಿನಿಂದ ಸಾಯಿಮಾ ಬಂದಳು, ಒಂದು ಕೈಯಲ್ಲಿ ಬಿರಿಯಾನಿಯ ತಾಟು. ಅತ್ತ ಕಣ್ಣಿನ ಕಾಡಿಗೆ ಕೆನ್ನೆಗಿಳಿದಿತ್ತು. ಕಿವಿಯಲ್ಲಿ ಝುಮಕಿ ಇರಲಿಲ್ಲ. ಆ ಕಾಳು ಮಾತ್ರ ಇತ್ತು. ಬೈಯುತ್ತಾಳೆಂದು ದಿಲ್ಶಾದಬಿ ತಲೆ ತಗ್ಗಿಸಿದಳು.

ಹುಡುಗಿ ಎದುರಿಗೇ ಕೂತು, ತಾಟನ್ನು ಮುದುಕಿಯ ತೊಡೆಯ ಮೇಲೆ ಇಟ್ಟಳು.

“ಅವತ್ತ ನಾ ಹಸದದ್ದು ನಿಮಗೊಬ್ಬರಿಗೇ ತಿಳೀತಲ್ರಿ, ನಾನಿ. ಇವತ್ತೂ ಮುಂಜಾನಿಂದ ಹಸದೇನಿ. ನೀವ ತಿನ್ನಸ್ರಿ.”