ಶಿವಲೀಲಾ ಅವರ ಹುರುಪಿನ ದಿನಗಳು

ಕೋವಿಡ್ ಕಳೆದ ಮರುವರ್ಷ. ನಾನಾಗ ವಿಜಯನಗರದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್. ಮಾತ್ರೆ ಬರೆದುಕೊಡುವುದು ಮನೋವೈದ್ಯರ ಕೆಲಸ. ಮಾತಿನ ಮೂಲಕ ಚಿಕಿತ್ಸೆ ಕೊಡುವುದು ನನ್ನದು. ಇಪ್ಪತ್ತಾರು ವರ್ಷದ ಅನುಭವವಿದ್ದೂ ನಾನು ಎಡವಿದ, ಆದರೂ ಇವತ್ತಿಗೂ ಹೆಮ್ಮೆಯಿಂದ ನೆನೆಯುವ ಪ್ರಕರಣವಿದು. ಚಿಕಿತ್ಸೆಗೆ ಬಂದವರ ಒಪ್ಪಿಗೆ ಪಡೆದು, ಹೆಸರು ಬದಲಿಸಿ ಬರೆಯುತ್ತಿದ್ದೇನೆ.

ಶಿವಲೀಲಾ ಅವರಿಗೆ ಮೂವತ್ತೆಂಟು ವರ್ಷ. ಗದಗದ ಕಡೆಯವರು. ಕ್ಲಿನಿಕ್ಕಿನ ಹತ್ತಿರದ ಆರ್‌ಪಿಸಿ ಲೇಔಟಿನಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಿದ್ದರು. ಗಂಡ ಬಸವರಾಜ್ ಕರೆತಂದಾಗ ಅವರು ಮಶೀನು ಮುಟ್ಟಿ ಐದು ವಾರವಾಗಿತ್ತು. ತಲೆ ಬಾಚಿಕೊಳ್ಳುವುದಕ್ಕೂ ಕೈ ಏಳುತ್ತಿರಲಿಲ್ಲ. ಮನೋವೈದ್ಯರು ಖಿನ್ನತೆ ಎಂದು ಮಾತ್ರೆ ಆರಂಭಿಸಿದ್ದರು. ನನಗೂ ಹಾಗೇ ಕಂಡಿತು. ಬೆಳಿಗ್ಗೆ ಸ್ನಾನ, ಹತ್ತು ನಿಮಿಷ ಅಂಗಡಿ ತೆರೆದು ಕೂರುವುದು, ಒಂದೇ ಒಂದು ಹುಕ್ಕು ಹೊಲಿಯುವುದು, ಹೀಗೆ ಸಣ್ಣದರಿಂದ ಶುರುಮಾಡಿದೆವು.

ಆರನೇ ಭೇಟಿಗೆ ಬಂದದ್ದು ಬೇರೆಯೇ ಶಿವಲೀಲಾ. ಕಣ್ಣಲ್ಲಿ ಹೊಳಪು, ಬಿಡುವಿಲ್ಲದ ಮಾತು. ಒಂದೇ ವಾರದಲ್ಲಿ ಅರವತ್ತು ಬ್ಲೌಸ್ ಒಪ್ಪಿಕೊಂಡಿದ್ದೇನೆ ಎಂದರು. ನಾನು ಖುಷಿಯಿಂದ ಫೈಲಿನಲ್ಲಿ ‘ಗಮನಾರ್ಹ ಸುಧಾರಣೆ’ ಎಂದು ಬರೆದೂಬಿಟ್ಟೆ.

ಹೆಂಡತಿ ಹೊರಗೆ ಹೋದ ಮೇಲೆ ಬಸವರಾಜ್ ಬಾಗಿಲಲ್ಲೇ ನಿಂತರು.

“ಮೂರು ದಿನ ಆತ್ರಿ ಮೇಡಂ, ಎರಡೇ ತಾಸು ಮಲಗ್ತಾಳ. ಆದ್ರೂ ದಣಿವಿಲ್ಲ. ನಿನ್ನೆ ತನ್ನ ಮದುವಿ ಸೀರಿನ ಕತ್ತರಿಸಿ ಕುಪ್ಪಸ ಮಾಡ್ಯಾಳ.”

ನನ್ನ ಪೆನ್ನು ನಿಂತಿತು. ಹಿಂದೆಯೂ ಹೀಗಾಗಿತ್ತೇ ಎಂದು ವಿಚಾರಿಸಿದೆ. ಮೂರು ಸಲ ಆಗಿತ್ತು. ಮನೆಯವರು ಅದನ್ನು ಹುರುಪು ಎಂದುಕೊಂಡು ಸಂತೋಷಪಟ್ಟಿದ್ದರು. ನಾನೋ, ದುಃಖದ ದಿನಗಳನ್ನಷ್ಟೇ ಕೇಳಿದ್ದೆ.

ಅದು ಬರೀ ಖಿನ್ನತೆಯಲ್ಲ, ಬೈಪೋಲಾರ್ ಡಿಸಾರ್ಡರ್. ಮನಸ್ಸು ಕೆಲವು ಕಾಲ ಪೂರ್ತಿ ಕುಸಿಯುತ್ತದೆ, ಕೆಲವು ಕಾಲ ಮಿತಿಮೀರಿ ಉಕ್ಕುತ್ತದೆ. ಅಂಥವರಿಗೆ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಕೆಲವೊಮ್ಮೆ ಆ ಉಬ್ಬರ ಹೆಚ್ಚುತ್ತದೆ. ಅಂದೇ ಮನೋವೈದ್ಯರಿಗೆ ಫೋನ್ ಮಾಡಿ ನನ್ನ ತಪ್ಪನ್ನೂ ಹೇಳಿ, ಶಿವಲೀಲಾರನ್ನು ಅವರ ಬಳಿ ಕಳಿಸಿದೆ. ಅವರು ಔಷಧಿ ಬದಲಿಸಿದರು.

ಉಬ್ಬರ ಇಳಿದ ಮೇಲೆ ಶಿವಲೀಲಾ ಸಿಟ್ಟಿನಲ್ಲೇ ಬಂದು ಕೂತರು. “ಅತ್ತರೂ ರೋಗ, ನಕ್ಕರೂ ರೋಗ ಅಂದ್ರ, ಇದರಾಗ ನಾ ಯಾರ್ರೀ ಮೇಡಂ?”

ಗೊತ್ತಿಲ್ಲ, ಇಬ್ಬರೂ ಸೇರಿ ಹುಡುಕೋಣ ಎಂದೆ. ಅಲ್ಲಿಂದ ನಿಜವಾದ ಥೆರಪಿ ಶುರುವಾಯಿತು. ಮಲಗಿದ ಹೊತ್ತು, ಎದ್ದ ಹೊತ್ತು, ಆ ದಿನದ ಮನಸ್ಸು, ಎಲ್ಲವನ್ನೂ ಅವರೇ ಬರೆದಿಡತೊಡಗಿದರು. ಮಾತ್ರೆ ಮನಸ್ಸನ್ನು ಹಿಡಿದು ನಿಲ್ಲಿಸುತ್ತಿತ್ತು. ಮನಸ್ಸು ಜಾರುವ ಮುಂಚಿನ ಗುರುತುಗಳನ್ನು ಪತ್ತೆಹಚ್ಚಿದ್ದು ಅವರೇ. ನಿದ್ದೆ ಕಡಿಮೆಯಾಗುವುದು ಒಂದು. ಇನ್ನೊಂದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ: ಗಿರಾಕಿಯನ್ನು ಕೇಳದೆ ಬ್ಲೌಸಿನ ಡಿಸೈನ್ ಬದಲಿಸುವುದು. ಸಂತೋಷ ಪಡಲು ಹೆದರಿದ ತಿಂಗಳುಗಳೂ ಇದ್ದವು. ಮಗಳ ವಯಸ್ಸಿನ ಗಿರಾಕಿಯೊಬ್ಬಳ ಮಾತಿಗೆ ಜೋರಾಗಿ ನಕ್ಕು, ಇದು ಬರೀ ನಗುವೇ ತಾನೆ ಎಂದು ನನ್ನನ್ನು ಕೇಳಿದ್ದರು. ಹೌದು, ಬರೀ ನಗು.

ಒಂದೂವರೆ ವರ್ಷದ ನಂತರ, ಮದುವೆಗಳ ಕಾಲದ ಒಂದು ಮಧ್ಯಾಹ್ನ ಅವರ ಫೋನ್ ಬಂತು.

“ಎರಡು ದಿನದಿಂದ ನಿದ್ದಿ ಕಡಿಮಿ ಆಗೇತ್ರಿ. ಯಾರೂ ಹೇಳದ ಗೊಂಡೆ ಎರಡು ಬ್ಲೌಸಿಗೆ ಹಚ್ಚೀನಿ. ಹೊಸ ಆರ್ಡರ್ ನಿಲ್ಲಿಸೀನಿ, ಡಾಕ್ಟರ ಕಡೆ ಹೊಂಟೀನಿ. ನಿಮಗ ಗೊತ್ತಿರ್ಲಿ ಅಂತ ಅಷ್ಟ.”

ಬಸವರಾಜ್ ಅವರಿಗೂ ಇನ್ನೂ ಏನೂ ಕಂಡಿರಲಿಲ್ಲ. ಔಷಧಿಯಲ್ಲಿ ಸ್ವಲ್ಪ ಬದಲಾವಣೆ, ಹತ್ತು ದಿನದ ವಿಶ್ರಾಂತಿ. ಅಂಗಡಿ ಮತ್ತೆ ತೆರೆಯಿತು.

ಆಮೇಲೆ ನಿವೃತ್ತಿಯಾಗುವ ತನಕ, ಅಳುತ್ತ ಬಂದವರೆಲ್ಲರನ್ನೂ ಅವರ ಅತಿ ಸಂತೋಷದ ದಿನಗಳ ಬಗ್ಗೆಯೂ ಕೇಳಿದೆ. ಕಿರಿಯರಿಗೂ ಅದನ್ನೇ ಕಲಿಸಿದೆ. ಅದು ನಾನು ಎಡವಿ ಕಲಿತದ್ದು. ಆ ಫೋನಿನಿಂದ ಕಲಿತದ್ದು ಬೇರೆ: ಶಿವಲೀಲಾ ಅವತ್ತು ನನ್ನ ಸಲಹೆ ಕೇಳಲಿಲ್ಲ. ಅವರಿಗೆ ಅದು ಬೇಕಾಗಿರಲಿಲ್ಲ. ನನ್ನ ಕೆಲಸ ಸರಿಯಾಗಿ ಮುಗಿದದ್ದು ಹಾಗೆ.